ಬಗ್ಗಿ ಎಣಿಸು

ಪಕೆಯೊ, ಗುಲು ಸೀಮೆ
ಡಿಸೆಂಬರ್ ೧

ಪ್ರೀತಿಯ ತಮ್ಮ ಒಲಾರಾ,

ಕೆಮ್ಮು ಹೇಗಿದೆಯಪ್ಪಾ? ಹೋದ ತಿಂಗಳು ಫೋನಿನಲ್ಲಿ ನೀನು ಮಾತಾಡಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ಕಂಪಾಲಾದ ಇಬ್ಬನಿಯಲ್ಲಿ ರಾತ್ರಿಯೆಲ್ಲ ಕಂಡವರ ಗೇಟು ಕಾಯುವವನ ಎದೆಯನ್ನು ಕಾಯುವವರು ಯಾರೂ ಇಲ್ಲ, ಅದನ್ನು ನೀನೇ ಕಾಯ್ದುಕೊಳ್ಳಬೇಕು. ಡಬ್ಬಿಯಲ್ಲಿ ಅವ್ವ ಎಳ್ಳು ಶೇಂಗಾ ಅರೆದು ಕಳಿಸಿದ್ದಾಳೆ, ಆನೆಗುಡ್ಡದ ಎಳ್ಳು. ನಿನ್ನ ಜೊತೆ ಪಾಳಿ ಮಾಡುವ ಆ ಬುಸೋಗಾದವನಿಗೆ ತೋರಿಸಬೇಡ, ಹೋದ ಸಲ ಅರ್ಧ ಡಬ್ಬಿ ಅವನೇ ನೆಕ್ಕಿದನಂತೆ. ಅವ್ವ ಚೆನ್ನಾಗಿದ್ದಾಳೆ. ಮಂಡಿನೋವು ಇದ್ದದ್ದೇ. ರಾಗಿ ಮುದ್ದೆ, ಪುಂಡಿ ಸೊಪ್ಪು ಮುಂದಿಟ್ಟರೆ ಈಗಲೂ ನನಗಿಂತ ಒಂದು ತುತ್ತು ಹೆಚ್ಚೇ ಉಣ್ಣುತ್ತಾಳೆ. ಈಚೆಗೆ ಒಂದು ಹೊಸ ಹುಚ್ಚು ಹಿಡಿದಿದೆ ಅವಳಿಗೆ. ಕೋಳಿ ಕೂಗುವ ಮೊದಲೇ ಎದ್ದು ಅಂಗಳ ಗುಡಿಸುತ್ತಾಳೆ. ನಾನು ಕಣ್ಣು ಬಿಡುವ ಹೊತ್ತಿಗೆ ಅಂಗಳ ಬೋಳಿಸಿದ ತಲೆಯ ಹಾಗಿರುತ್ತದೆ. ಬೈದರೆ, "ವಯಸ್ಸಾದೋರಿಗೆ ನಿದ್ದೆ ಬರಲ್ಲ ಮಗಳೇ, ಪೊರಕೆಗಾದ್ರೂ ಕೆಲಸ ಬೇಡವಾ" ಅನ್ನುತ್ತಾಳೆ.

ಇನ್ನು ವಿಷಯ. ಈ ಸಲ ಕ್ರಿಸ್‌ಮಸ್ಸಿಗೆ ಕಾಯಬೇಡ, ಕಾಗದ ಸಿಕ್ಕ ಕೂಡಲೇ ಊರಿಗೆ ಬಾ. ರಜೆ ಕೊಡದಿದ್ದರೆ ಕೆಲಸ ಬಿಟ್ಟು ಬಾ. ಗೇಟುಗಳಿಗೇನು ಬರ, ಈ ದೇಶದಲ್ಲಿ ಉಳ್ಳವರು ಇರುವ ತನಕ ಗೇಟುಗಳು ಇರುತ್ತವೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ನಿನಗೆ ಗೊತ್ತು, ಊರಲ್ಲಿ ಸೋಲಾರ್ ಇರುವುದು ಲಬೇಜಾನ ಅಂಗಡಿಯ ಮೇಲೆ ಮಾತ್ರ. ಎಲ್ಲರ ಫೋನುಗಳೂ ಚಾರ್ಜಿಗೆ ಅವನ ಕಪಾಟಿನಲ್ಲೇ ಮಲಗುತ್ತವೆ. ಮೊನ್ನೆ ನನ್ನ ಫೋನು ವಾಪಸ್ ಬಂದಾಗ ಅದರ ಮುಖದ ಮೇಲೆ ನಾನು ಹಾಕದ ಒಂದು ಚಿತ್ರ ಇತ್ತು. ಯಾವ ಚಿತ್ರ ಅಂತ ಮುಂದೆ ಹೇಳುತ್ತೇನೆ. ಅವತ್ತಿನಿಂದ ಆ ಫೋನಿನಲ್ಲಿ ನಾನು ಯಾರೊಂದಿಗೂ ಮನಬಿಚ್ಚಿ ಮಾತಾಡಿಲ್ಲ. ಅದಕ್ಕೇ ಬಸ್ಸಿನ ಕಂಡಕ್ಟರ್ ಕೈಲಿ ಈ ಕಾಗದ.

ಕಂಪಾಲಾದಲ್ಲಿರುವ ನಮ್ಮೂರವರು ನಿನಗೆ ಏನು ಹೇಳುತ್ತಿದ್ದಾರೆ ಅನ್ನುವುದೂ ನನ್ನ ಕಿವಿಗೆ ಬಿದ್ದಿದೆ. ನಿನ್ನಕ್ಕನಿಗೆ ಕುರ್ಚಿಯ ಹುಚ್ಚು, ಕಾಲಿಲ್ಲದವಳಿಗೆ ಅಧಿಕಾರ ಸಿಕ್ಕಿ ಊರನ್ನೇ ಸುಡಿಸುತ್ತಿದ್ದಾಳೆ ಅಂತ. ನೀನು ಓಟಿನ ಮರುದಿನವೇ ಬಸ್ಸು ಹತ್ತಿದವನು, ಆಮೇಲಿನದು ನಿನಗೆ ಗೊತ್ತಿಲ್ಲ. ಆದ್ದರಿಂದ ನನ್ನ ಬಾಯಿಂದಲೇ ಕೇಳು. ಕುರ್ಚಿಯ ಮಾತೇ ಬಂದಿರುವುದರಿಂದ ಹೇಳುತ್ತೇನೆ. ನಾನು ಬುದ್ಧಿ ತಿಳಿದಂದಿನಿಂದ ಕೂತೇ ಇದ್ದವಳು ಕಣೋ. ನನಗೆ ಕುರ್ಚಿಯ ಹುಚ್ಚು ಹತ್ತಿಸಲು ಯಾವ ಪಕ್ಷವೂ ಬೇಕಿಲ್ಲ, ಪೋಲಿಯೊ ಒಂದೇ ಸಾಕಿತ್ತು.

ಇದು ಶುರುವಾದದ್ದು ಒಂದು ಕೋಲಿನಿಂದ. ಯುದ್ಧ ಮುಗಿದು, ನಿರಾಶ್ರಿತರ ಶಿಬಿರದಿಂದ ಊರಿಗೆ ಮರಳಿದ ಮೇಲಿನ ಮೊದಲ ಓಟು. ನೀನಾಗ ಇನ್ನೂ ನನ್ನ ಮೂರು ಗಾಲಿಯ ಬಂಡಿಯನ್ನು ಹಿಂದಿನಿಂದ ತಳ್ಳುವ ಪೋರ. ರಸ್ತೆಯ ಧೂಳಿನಲ್ಲಿ ಅದು ಬಿಡುತ್ತಿದ್ದ ಮೂರು ಗೆರೆಗಳಲ್ಲಿ ನಡುಗೆರೆಯನ್ನೇ ತುಳಿಯುತ್ತಾ ಬರುತ್ತಿದ್ದೆ. ನಮ್ಮೂರ ಓಟಿಗೆ ಚೀಟಿ ಇಲ್ಲ, ಪೆಟ್ಟಿಗೆ ಇಲ್ಲ. ಯಾರು ಬೇಕೋ ಅವರ ಬೆನ್ನ ಹಿಂದೆ ಬಿಸಿಲಲ್ಲಿ ಸಾಲು ನಿಲ್ಲಬೇಕು. ಎಣಿಸುವ ಅಧಿಕಾರಿ ಒಂದು ಕೋಲು ಹಿಡಿದು ಒಬ್ಬೊಬ್ಬರ ಭುಜ ಮುಟ್ಟುತ್ತಾ ಬಂದ. ನನ್ನ ಹತ್ತಿರ ಬಂದಾಗ ಆ ಕೋಲು ನನ್ನ ತಲೆಯ ಮೇಲಿನ ಗಾಳಿಯನ್ನು ಮುಟ್ಟಿ ಮುಂದಿನವನ ಭುಜಕ್ಕೆ ಹೋಯಿತು. ನನ್ನ ಹಿಂದೆ ನೆಲದ ಮೇಲೆ ತೆವಳಿಕೊಂಡು ಬಂದಿದ್ದವರ ಮೇಲೂ ಹಾಗೇ ಹಾದುಹೋಯಿತು. ಯುದ್ಧದಲ್ಲಿ ಎಲ್ಲ ಕಡೆಯವರ ಬಂದೂಕುಗಳೂ ನಮ್ಮನ್ನು ಎಣಿಸಿದ್ದವು, ನೆಲಬಾಂಬುಗಳು ಎಣಿಸಿದ್ದವು. ಓಟಿನ ಕೋಲಿಗೆ ಮಾತ್ರ ನಾವು ಲೆಕ್ಕಕ್ಕಿಲ್ಲ. ನಾನು ಕೈ ಚಾಚಿ ಆ ಕೋಲನ್ನು ಹಿಡಿದೆ. ಅವನು ಎಳೆದ, ನಾನು ಬಿಡಲಿಲ್ಲ. ಕೈಯಿಂದಲೇ ಗಾಲಿ ತಿರುಗಿಸಿ ತಿರುಗಿಸಿ ನನ್ನ ತೋಳು ಗಂಡಸರ ತೋಳಿಗಿಂತ ಗಟ್ಟಿ ಅನ್ನುವುದು ಅವನಿಗೇನು ಗೊತ್ತು. "ಇಲ್ಲಿ ಒಬ್ಬಳಿದ್ದಾಳೆ," ಅಂದೆ, "ಬಗ್ಗಿ ಎಣಿಸು."

ಅವನು ಬಗ್ಗಿದ. ಆ ಬಗ್ಗಿದ ಬೆನ್ನೇ ನನ್ನ ರಾಜಕೀಯ. ಊರ ಅಂಗವಿಕಲರು ನನ್ನನ್ನು ಮೊದಲು ಉಪಜಿಲ್ಲೆಯ ಸಭೆಗೆ ಕಳಿಸಿದರು, ಆಮೇಲೆ ಜಿಲ್ಲಾ ಪರಿಷತ್ತಿಗೆ. ಅಲ್ಲಿ ಸಭೆ ನಡೆಯುವುದು ಮಹಡಿಯ ಮೇಲೆ. ಮೊದಲ ದಿನ ಇಬ್ಬರು ಜವಾನರು ನನ್ನನ್ನು ಮೂಟೆಯ ಹಾಗೆ ಹೊತ್ತೊಯ್ಯಲು ಬಂದರು. ನಾನು ಮೂಟೆಯಲ್ಲ ಅಂದೆ. ಮಾವಿನ ಮರದ ಕೆಳಗೆ ಬಂಡಿ ನಿಲ್ಲಿಸಿ, ಕೋರಂ ಬೇಕಿದ್ದವರು ಕೆಳಗೆ ಬನ್ನಿ ಅಂತ ಹೇಳಿ ಕಳಿಸಿದೆ. ಬಜೆಟ್ ಪಾಸಾಗಬೇಕಿತ್ತು, ಒಂದು ತಲೆ ಕಮ್ಮಿ ಇತ್ತು. ಅಧ್ಯಕ್ಷರಿಂದ ಹಿಡಿದು ಎಲ್ಲರೂ ಕುರ್ಚಿ ಹೊತ್ತುಕೊಂಡು ಇಳಿದು ಬಂದರು. ಮರುವರ್ಷ ಅಲ್ಲಿ ಇಳಿಜಾರು ಕಟ್ಟಿದರು. ಆಸ್ಪತ್ರೆಯ ಹೆರಿಗೆ ಮಂಚದ್ದೂ ಅದೇ ಕಥೆ. ಎದೆಯೆತ್ತರದ ಮಂಚ ಹತ್ತಲಾರದೆ ನಮ್ಮ ಹೆಂಗಸರು ಸಿಮೆಂಟಿನ ನೆಲದ ಮೇಲೆ ಹೆರುತ್ತಿದ್ದರು. ದಾದಿಯರು, "ಇಂಥ ಮೈಯಲ್ಲಿ ನಿನಗೆ ಇದೆಲ್ಲ ಬೇಕಿತ್ತಾ" ಅಂತ ಬೈಯುತ್ತಿದ್ದರು. ಪರಿಷತ್ತಿನಲ್ಲಿ ಒಬ್ಬ ದೊಡ್ಡ ಮನುಷ್ಯ ಎದ್ದು, ನಮ್ಮ ಈ ನತದೃಷ್ಟ ಸೋದರಿಯ ಬಗ್ಗೆ ಎಲ್ಲರೂ ಕರುಣೆ ತೋರೋಣ ಅಂದ. ಕರುಣೆ ನಿಮ್ಮ ಹತ್ತಿರವೇ ಇರಲಿ, ಮಂಚದ ಕಾಲು ಕೊಯ್ಯಿಸಿ ಅಂದೆ. ಕೊಯ್ಯಿಸಿದರು. ಹಾಗೆ ನಾಲ್ಕು ಮೊಳಕ್ಕೊಂದು ಜಗಳ ಆಡಿಕೊಂಡೇ ನಾನು ಅಷ್ಟು ದೂರ ಹೋದದ್ದು. ಯಾರೂ ಯಾವುದನ್ನೂ ಬಡಿಸಿದ ತಟ್ಟೆಯಲ್ಲಿ ಕೊಟ್ಟಿಲ್ಲ.

ಹಾಗಿದ್ದವಳು ಜಿಲ್ಲೆ ಬಿಟ್ಟು ಊರಧ್ಯಕ್ಷೆಯ ಓಟಿಗೆ ಯಾಕೆ ನಿಂತೆ ಅಂತ ಊರೆಲ್ಲ ನಕ್ಕಿತು. ಏಣಿ ಹತ್ತುವವರನ್ನು ನೋಡಿದ್ದೇವೆ, ನಡುವಿನಿಂದ ಹಾರಿದವಳನ್ನು ನೋಡಿದ್ದು ಈಗಲೇ ಅಂದರು. ಅಕ್ಕಾ, ಇದು ಯಾಕೆ ಅಂತ ನೀನೂ ಕೇಳಿದ್ದೆ. ಆನೆಗುಡ್ಡದ ಕಾರಣಕ್ಕೆ ಕಣೋ. ಶಿಬಿರದಿಂದ ಬಂದಾಗ ಯಾವ ಕುಲವೂ ಕುರುಡರಿಗೆ, ಕುಂಟರಿಗೆ ಹೊಲದ ಪಾಲು ಕೊಡಲಿಲ್ಲ. ಉಳಲಾರದವರಿಗೆ ಹೊಲ ಯಾಕೆ ಅಂದರು. ಕಡೆಗೆ ಯಾರಿಗೂ ಬೇಡವಾಗಿದ್ದ ಆ ಬಂಡೆಗುಡ್ಡದ ಇಳಿಜಾರನ್ನು ಬಿಸಾಕಿದರು. ನೆಲಬಾಂಬು ಇರಬಹುದು, ನಿಮಗೆ ಹೋಗಲು ಕಾಲೂ ಇಲ್ಲವಲ್ಲ ಅಂತ ತಮಾಷೆ ಬೇರೆ. ಆ ನೆಲದಲ್ಲಿ ನಾವು ಕೂತು ಅಗೆದೆವು, ಮಲಗಿ ಕಳೆ ಕಿತ್ತೆವು, ಕಲ್ಲು ಆರಿಸಿ ಎಳ್ಳು ಬಿತ್ತಿದೆವು. ಈಗ ನಲವತ್ತು ಮನೆಗಳ ಒಲೆ ಉರಿಯುವುದು ಆ ಗುಡ್ಡದಿಂದ. ಇಷ್ಟಾದ ಮೇಲೆ ಹೆದ್ದಾರಿಗೆ ಜಲ್ಲಿ ಒಡೆಯುವ ಕಂಪನಿಯವರು ಬಂದು, ಬಂಡೆಯನ್ನು ತಟ್ಟಿ ನೋಡಿ, ಬೆಲೆ ಕಟ್ಟಿದರು. ಬಿಸಾಕಿದ ಕುಲದವರಿಗೆ ತಕ್ಷಣ ಅದು ಪಿತ್ರಾರ್ಜಿತ ಅನ್ನುವುದು ನೆನಪಾಯಿತು. ಜಿಲ್ಲಾ ಪರಿಷತ್ತಿನಲ್ಲಿ ನಾನು ಎಷ್ಟು ಕೂಗಿದರೂ ಕ್ರಯಪತ್ರ ನಿಲ್ಲಿಸುವ ಅಧಿಕಾರ ಆ ಮಹಡಿಗೆ ಇರಲಿಲ್ಲ. ಈ ಸೀಮೆಯಲ್ಲಿ ಯಾವ ನೆಲದ ಕಾಗದಕ್ಕೂ ಮೊದಲು ಬೀಳಬೇಕಾದದ್ದು ಊರಧ್ಯಕ್ಷನ ಮೊಹರು. ಅಂಗೈಯಗಲದ ರಬ್ಬರು. ಅದು ಆಗ ಊರಧ್ಯಕ್ಷನಾಗಿದ್ದ ಲಬೇಜಾನ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿತ್ತು, ಸೋಪಿನ ಪಕ್ಕದಲ್ಲಿ. ಯಾರು ಕೇಳಿದರೂ ಒತ್ತುತ್ತಿದ್ದ. ಆ ರಬ್ಬರು ನನ್ನ ಕೈಗೆ ಬರುವ ತನಕ ನಮ್ಮ ಎಳ್ಳು ನಮ್ಮದಲ್ಲ ಅಂತ ಗೊತ್ತಾದ ದಿನ ನಾನು ಇಳಿದು ಬಂದೆ. ಕೆಳಗಿಳಿದೆ ಅನ್ನುವವರು ಅನ್ನಲಿ. ಬೇರು ಇರುವುದು ಕೆಳಗೇ.

ಓಟಿನ ದಿನ ನಿನಗೆ ನೆನಪಿದೆ. ಕುರುಡರನ್ನು ಕೈಹಿಡಿದು ಕರೆತರುತ್ತೇವೆ ಅಂತ ಲಬೇಜಾನ ಕಡೆಯವರು ಬೆಳಿಗ್ಗೆಯೇ ಮನೆಮನೆಗೆ ಹೋಗಿದ್ದರು. ಕಣ್ಣಿಲ್ಲದವರನ್ನು ಯಾರ ಸಾಲಿಗೆ ತಂದು ನಿಲ್ಲಿಸುತ್ತಾರೆ ಅಂತ ನಮಗೆ ಗೊತ್ತಿರಲಿಲ್ಲವೇ. ಅದಕ್ಕೇ ಕತ್ತಾಳೆ ಹಗ್ಗ ಹೊಸೆಯುವ ನಮ್ಮ ಕಿಡೇಗಾಣ್ಣ ಹಿಂದಿನ ದಿನವೆಲ್ಲ ಕೂತು ಒಂದು ಉದ್ದನೆಯ ಹಗ್ಗ ಹೊಸೆದ. ಅದರ ಒಂದು ತುದಿಯನ್ನು ನನ್ನ ಬಂಡಿಗೆ ಕಟ್ಟಿ, ಈ ಹಗ್ಗ ಹಿಡಿದವನು ದಾರಿ ತಪ್ಪುವುದಿಲ್ಲ ಅಂದ. ಕಣ್ಣಿಲ್ಲದ ಕಿಡೇಗಾ ನನ್ನ ಬೆನ್ನ ಹಿಂದೆ ಮೊದಲನೆಯವನು. ಅವನ ಹಿಂದೆ ನಮ್ಮ ಕಿವುಡಿ ದರ್ಜಿ ಲಮುನು. ಅವಳ ಹಿಂದೆ ಎರಡು ಊರುಗೋಲಿನ ಮೇಲೆ ತೂಲಿಟ್ ಮೇಷ್ಟ್ರು, ಬಾಂಬಿಗೆ ಒಂದು ಕಾಲು ಕೊಟ್ಟವರು. ಅವರ ಹಿಂದೆ ಅವ್ವ. ಅವಳ ಹಿಂದೆ, ಬಸ್ಸಿನ ಧೂಳು ಇನ್ನೂ ಮೈಮೇಲಿರುವಾಗಲೇ ಓಡಿ ಬಂದ ನೀನು. ಲಬೇಜಾ ತನ್ನ ಸಾಲಿನ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ, "ಏನು ಅನೇನಾ, ಓಟುಗಳನ್ನ ಆಡು ಕಟ್ಟಿದ ಹಾಗೆ ಕಟ್ಕೊಂಡು ಬಂದಿದ್ದೀಯ, ಮೇಯಿಸೋಕೆ ಹೊರಟಿಯಾ?" ಅಂದ. ನಾನು ಬಾಯಿ ತೆರೆಯುವ ಮೊದಲೇ ಕಿಡೇಗಾ, "ನಾವು ಕಟ್ಟಿಸ್ಕೊಂಡು ಬಂದೋರು ಲಬೇಜಾ, ನಿನ್ನೋರು ಮಾರಿಸ್ಕೊಂಡು ಬಂದೋರು" ಅಂದ. ಲಬೇಜಾನ ಸಾಲಿನಲ್ಲಿದ್ದವರೂ ನಕ್ಕರು, ಅದನ್ನು ಅವನು ಮರೆತಿಲ್ಲ. ಅಧಿಕಾರಿ ಬಗ್ಗಿ ಎಣಿಸಿದ. ಗೆದ್ದೆವು. ಆ ಗದ್ದಲದಲ್ಲಿ ಯಾರೋ ಒಬ್ಬ ಫೋನು ಎತ್ತಿ ಹಿಡಿದು ನಮ್ಮ ಸಾಲಿನ ಉದ್ದಕ್ಕೂ ಒಂದೊಂದೇ ಮುಖ ಹಿಡಿಯುತ್ತಾ ನಡೆದದ್ದನ್ನು ನಾನು ನೋಡಿದೆ. ನೆನಪಿಗೆ ಅಂದುಕೊಂಡೆ.

ಈಗ ಆಮೇಲಿನದು ಕೇಳು. ಮೊಹರು ನನ್ನ ಕೈಗೆ ಬಂದ ಮೇಲೆ ಕಂಪನಿಯ ಕಾಗದ ಬಂತು, ಒತ್ತುವುದಿಲ್ಲ ಅಂದೆ. ಮತ್ತೆ ಬಂತು, ಮತ್ತೆ ಅಂದೆ. ಅದಾದ ಒಂದು ಬೆಳಿಗ್ಗೆ ಕಿಡೇಗಾಣ್ಣ ಬಾವಿಯ ಹತ್ತಿರ ಸಿಕ್ಕಿ, "ನಿನ್ನೆ ನನ್ನ ಅಂಗಳಕ್ಕೆ ಬಂದು ಮಾತಾಡಿಸ್ದೆ ಹೋದೆಯಲ್ಲ ತಂಗಿ, ನಿನ್ನ ಗಾಲಿಯ ಮೂರು ಗೆರೆ ನನ್ನ ಕೋಲಿಗೆ ಸಿಕ್ತು" ಅಂದ. ನಾನು ಹೋಗಿರಲಿಲ್ಲ. ಹಳೆಯ ಗೆರೆ ಇರಬೇಕು ಬಿಡು ಅಂದೆ. ಮಾರನೆಯ ದಿನ ಅವನ ಹಗ್ಗದ ಕೊಟ್ಟಿಗೆ ಹೊತ್ತಿ ಉರಿಯಿತು. ಒಳಗಿದ್ದವನನ್ನು ಎಳೆದು ತಂದರು, ಕೈಗಳೆರಡೂ ಬೆಂದಿದ್ದವು. ಹಗ್ಗ ಹೊಸೆಯುವವನಿಗೆ ಕೈಯೇ ಕಣ್ಣು. ಅವೂ ಹೋದವು. ಹುಲ್ಲು ಸುಡುವ ಕಾಲ, ಎಲ್ಲಿಂದಲೋ ಕಿಡಿ ಹಾರಿತು, ಪಾಪ ಕುರುಡನಿಗೆ ಕಾಣಲಿಲ್ಲ ಅಂದಿತು ಊರು. ಆಮೇಲೆ ಲಮುನು. ಸಂತೆಯಿಂದ ಬರುವಾಗ ಹಿಂದಿನಿಂದ ಒಂದು ಬಾಡಿಗೆಯ ಬೋಡಾ ಬೈಕು ಗುದ್ದಿ ನಿಲ್ಲದೆ ಹೋಯಿತು. ಸೊಂಟ ಮುರಿದಿದೆ, ಇನ್ನು ಹೊಲಿಗೆ ಯಂತ್ರ ತುಳಿಯುವುದಿಲ್ಲ. ಪಾಪ, ಕಿವುಡಿಗೆ ಹಾರ್ನ್ ಕೇಳಿಸಲಿಲ್ಲ ಅಂದಿತು ಊರು. ಹೋದ ವಾರ ತೂಲಿಟ್ ಮೇಷ್ಟ್ರು. ಭಾನುವಾರ ಚರ್ಚಿನ ಮುಂದೆ ಅವರೂ, ನಿನ್ನ ಗಾಲಿಯ ಗೆರೆ ನೋಡಿದೆ, ಅಂಗಳದ ತನಕ ಬಂದು ಚಾ ಕುಡಿಯದೆ ಹೋದೆಯಲ್ಲ ಅಂತ ಮುನಿಸಿಕೊಂಡಿದ್ದರು. ವಯಸ್ಸಾಯಿತು ನಿಮಗೆ ಅಂತ ನಾನು ನಕ್ಕೆ. ಬುಧವಾರ ಅವರು ಹೊಳೆಯಲ್ಲಿ ಬೋರಲು ಬಿದ್ದಿದ್ದರು. ಮಳೆ ನಿಂತ ಮೇಲಿನ ಹೊಳೆ ಗೊತ್ತಲ್ಲ, ಮೊಣಕಾಲುದ್ದ ನೀರು. ಪಾಪ, ಕುಂಟ ಜಾರಿದ ಅಂದಿತು ಊರು. ಊರುಗೋಲುಗಳೆರಡೂ ದಡದ ಮರಕ್ಕೆ ಒಪ್ಪವಾಗಿ ಒರಗಿಸಿಟ್ಟಿದ್ದವು. ಒಂದೇ ಕಾಲಿನ ಮನುಷ್ಯ ಎರಡು ಊರುಗೋಲನ್ನೂ ಮರಕ್ಕೆ ಒರಗಿಸಿ ನೀರಿಗೆ ಹೇಗೆ ಇಳಿದ? ಎರಡು ಕಾಲಿರುವ ಯಾರ ತಲೆಗೂ ಈ ಪ್ರಶ್ನೆ ಬರಲಿಲ್ಲ.

ಪೊಲೀಸ್ ಠಾಣೆಗೆ ಹೋದೆ. ಅಲ್ಲಿಯ ಮೆಟ್ಟಿಲಿಗೆ ಇನ್ನೂ ಇಳಿಜಾರಿಲ್ಲ. ಸಾಹೇಬರು ಹೊರಗೆ ಬಂದು, ಬಂಡಿಗೆ ಕೈಯೂರಿ ನಿಂತು, ಬಹಳ ಮರ್ಯಾದೆಯಿಂದ ಹೇಳಿದರು: "ಕುರುಡ ಬೆಂಕಿ ನೋಡಲಿಲ್ಲ, ಕಿವುಡಿ ಹಾರ್ನ್ ಕೇಳಲಿಲ್ಲ, ಕುಂಟ ಜಾರಿಬಿದ್ದ. ಇದರಲ್ಲಿ ಕೇಸು ಎಲ್ಲಿದೆ ಮೇಡಂ?" ಅಳತೆ ತೆಗೆದು ಹೊಲಿದಿದ್ದಾರೆ ಒಲಾರಾ. ಅವರವರ ಕೊರತೆಯ ಅಳತೆಗೆ ಅವರವರ ಅಪಘಾತ. ಇಪ್ಪತ್ತು ವರ್ಷ ನಾನು ಈ ಸರ್ಕಾರಕ್ಕೆ ಹೇಳುತ್ತಾ ಬಂದದ್ದು ಇಷ್ಟೇ: ನಮ್ಮನ್ನು ಕೊಲ್ಲುವುದು ನಮ್ಮ ಅಂಗ ಅಲ್ಲ, ನೀವು ಕಟ್ಟಿದ ಮೆಟ್ಟಿಲು ಅಂತ. ಆ ಮಾತನ್ನು ಇವರು ಸರ್ಕಾರಕ್ಕಿಂತ ಚೆನ್ನಾಗಿ ಕಲಿತಿದ್ದಾರೆ.

ತೂಲಿಟ್ ಮೇಷ್ಟ್ರ ಮಣ್ಣಾದ ಮರುದಿನ ಲಬೇಜಾ ನಮ್ಮ ಮನೆಗೆ ಬಂದ. ಸಾವಿನ ಮನೆಗೆ ಒಯ್ಯುವ ಹಾಗೆ ಒಂದು ಪೊಟ್ಟಣ ಸಕ್ಕರೆ ತಂದಿದ್ದ, ನಮ್ಮ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಚಾಪೆಯ ಮೇಲೆ ಕೂತ. ಮಳೆಯ ಮಾತಾಡಿದ, ಎಳ್ಳಿನ ಬೆಲೆಯ ಮಾತಾಡಿದ, ನಿನ್ನನ್ನು ಕೇಳಿದ. ಒಲಾರಾ ಎಲ್ಲಿ, ಯಾವ ಗೇಟು, ಹಬ್ಬಕ್ಕೆ ಬರ್ತಾನಾ ಅಂತ. ಏಳುವಾಗ ಹೇಳಿದ: "ಸಾಲು ಉದ್ದ ಇದೆ ತಂಗಿ. ಮುಂದಿನಿಂದ ಬರ್ತಾ ಇದೆ. ಎಲ್ಲಿ ನಿಲ್ಲಿಸ್ಬೇಕು ಅನ್ನೋದು ನಿನ್ನ ಕೈಲೇ ಇದೆ." ಯಾವ ಸಾಲು ಅಂತ ಆಗ ನನಗೆ ಹೊಳೆಯಲಿಲ್ಲ. ಮರುದಿನ ಚಾರ್ಜಿನಿಂದ ಬಂದ ಫೋನಿನ ಮುಖದ ಮೇಲೆ ಆ ಚಿತ್ರ ಇತ್ತು, ಓಟಿನ ದಿನದ ನಮ್ಮ ಸಾಲು. ನಾನು, ಬಂಡಿ, ಹಗ್ಗ. ಕಿಡೇಗಾ. ಲಮುನು. ತೂಲಿಟ್ ಮೇಷ್ಟ್ರು. ಅದೇ ಕ್ರಮ, ಒಬ್ಬರೂ ಹಿಂದೆಮುಂದೆ ಇಲ್ಲ. ನಾಲ್ಕನೆಯವಳು ಯಾರು ಅಂತ ನಿನಗೆ ನಾನು ಬರೆಯಬೇಕಾಗಿಲ್ಲ. ನನ್ನನ್ನು ಅವರು ಮುಟ್ಟುವುದಿಲ್ಲ. ನಾನು ಸತ್ತರೆ ಮತ್ತೆ ಓಟು, ಮತ್ತೆ ಸಾಲು, ಮತ್ತೆ ಎಣಿಕೆ. ಮೊಹರು ಒತ್ತಲು ನನ್ನ ಕೈ ಬೇಕು, ಅದಕ್ಕೇ ನನ್ನ ಬೆನ್ನ ಹಿಂದಿನವರನ್ನು ಒಬ್ಬೊಬ್ಬರನ್ನೇ ಕೀಳುತ್ತಿದ್ದಾರೆ. ನನ್ನನ್ನು ನಂಬಿ ಬೆನ್ನ ಹಿಂದೆ ನಿಂತದ್ದೇ ಅವರ ಅಪರಾಧ.

ಅವತ್ತು ನಾನು ಮೊಹರನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ, ಸುಳ್ಳು ಹೇಳುವುದಿಲ್ಲ. ಒಂದು ಸಲ ಒತ್ತಿದರೆ ಸಾಲು ನಿಲ್ಲುತ್ತದೆ. ನಲವತ್ತು ಮನೆಗಳು ಮತ್ತೆ ರಸ್ತೆಬದಿಗೆ ಬೀಳುತ್ತವೆ, ಆದರೆ ಅವ್ವ ಉಳಿಯುತ್ತಾಳೆ. ಅವಳು ಒಳಗಿನಿಂದ ಬಂದು ನನ್ನ ತೊಡೆ ನೋಡಿದಳು, ಮುಖ ನೋಡಿದಳು. "ಒತ್ತೋದಾದ್ರೆ ಒತ್ತು," ಅಂದಳು. "ಆಮೇಲೆ ನನಗೆ ಊಟಕ್ಕೆ ಇಕ್ಕಬೇಡ." ಅಷ್ಟು ಹೇಳಿ ಲಬೇಜಾನ ಸಕ್ಕರೆಯನ್ನು ತೆಗೆದುಕೊಂಡು ಹೋಗಿ ಇರುವೆಗೂಡಿಗೆ ಸುರಿದು ಬಂದಳು. ಮಾರನೆಯ ದಿನ ಹೋಗಿ ಇರುವೆಗಳು ಬದುಕಿವೆಯಾ ಅಂತ ಬಗ್ಗಿ ನೋಡುತ್ತಿದ್ದಳು. ನಾನು ನಕ್ಕೆ, ಅವಳು ನಗಲಿಲ್ಲ.

ಆದ್ದರಿಂದ ಬಾ. ನಿನ್ನ ಕಸುಬೇ ಕಾವಲು ಅಲ್ಲವಾ? ಯಾರದೋ ಗೇಟಿಗೆ ಕೊಟ್ಟ ಎಚ್ಚರವನ್ನು ಹೆತ್ತವಳ ಬಾಗಿಲಿಗೆ ಸ್ವಲ್ಪ ದಿನ ಕೊಡು. ಮುದುಕಿ ಸತ್ತಳು ಅಂದರೆ ಯಾವ ಠಾಣೆಯೂ ಯಾಕೆ ಅಂತ ಕೇಳುವುದಿಲ್ಲ. ಅವ್ವನ ಅಳತೆ ತೆಗೆಯುವುದು ಎಲ್ಲಕ್ಕಿಂತ ಸುಲಭ. ನೀನು ಬಾಗಿಲಲ್ಲಿ ಕೂತರೆ ನಾನು ಮೊಹರನ್ನು ಗಟ್ಟಿಯಾಗಿ ಹಿಡಿದು ಕೂರಬಲ್ಲೆ. ನಾಡಿದ್ದು ಜಿಲ್ಲೆಯಲ್ಲಿ ಅಂಗವಿಕಲರ ದಿನವಂತೆ. ಬಿಳಿ ಅಂಗಿ ಹಂಚುತ್ತಾರೆ, ಸೋಡಾ ಕೊಡುತ್ತಾರೆ. ಮಂತ್ರಿಗಳ ಮುಂದೆ ನಮ್ಮವರು ಕುಣಿಯಬೇಕಂತೆ, ಭಾಷಣಕ್ಕೆ ನನ್ನನ್ನೂ ಕರೆದಿದ್ದಾರೆ. ಹೋಗುತ್ತೇನೆ. ಭಾಷಣ ಓದುವುದಿಲ್ಲ, ಮೂರು ಹೆಸರು ಓದುತ್ತೇನೆ, ಸಾಲಿನ ಕ್ರಮದಲ್ಲಿ. ನಾಲ್ಕನೆಯ ಹೆಸರಿನ ಜಾಗ ಖಾಲಿ ಬಿಟ್ಟು ವೇದಿಕೆ ಇಳಿಯುತ್ತೇನೆ. ಇಳಿಜಾರು ಇದ್ದರೆ.

ಬುಸೋಗಾದವನಿಗೆ ನನ್ನ ನಮಸ್ಕಾರ ಹೇಳು. ಎದೆಗೆ ಬಟ್ಟೆ ಸುತ್ತಿಕೋ, ತಣ್ಣೀರು ಕುಡಿಯಬೇಡ. ಕಿಡೇಗಾಣ್ಣ ಸುಟ್ಟ ಕೈಗಳನ್ನೆತ್ತಿ ನಿನಗೆ ಹರಸಿದ್ದಾನೆ, ಅವನ ಹರಕೆಗಿಂತ ದೊಡ್ಡದು ನಮ್ಮಲ್ಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಬೇಡ, ಗಾಳಿಗೆ ಕೆಮ್ಮು ಹೆಚ್ಚಾಗುತ್ತದೆ.

ನಿನ್ನ ದಾರಿ ಕಾಯುವ ಅಕ್ಕ,
ಅನೇನಾ

ತಾ.ಕ.: ಒಲಾರಾ, ಬಸ್ಸು ಬಂದು ಹಾರ್ನ್ ಹೊಡೆಯುತ್ತಿದೆ, ಕಂಡಕ್ಟರ್ ಬೈಯುತ್ತಿದ್ದಾನೆ. ಬರಬೇಡ. ಮೇಲೆ ಬರೆದದ್ದನ್ನೆಲ್ಲ ಅವ್ವನಿಗೆ ಓದಿ ಹೇಳಿದೆ. ತೊಗರಿ ಬಿಡಿಸುತ್ತಾ ಕೇಳಿದಳು, ತನ್ನ ಸರದಿ ಬಂದಾಗಲೂ ಕೈ ನಿಲ್ಲಲಿಲ್ಲ. ಮುಗಿದ ಮೇಲೆ ಒಂದೇ ಮಾತು ಕೇಳಿದಳು: "ಅವತ್ತು ನನ್ನ ಹಿಂದೆ ನಿಂತಿದ್ದೋನು ಯಾರು?" ನಾನು ಅವಳವರೆಗೆ ಎಣಿಸಿ ನಿಂತುಬಿಟ್ಟಿದ್ದೆ ಕಣೋ, ಅವಳು ಮುಂದಕ್ಕೂ ಎಣಿಸಿದ್ದಳು. ಲಬೇಜಾ ನಿನ್ನನ್ನು ಯಾಕೆ ಕೇಳಿದ ಅಂತ ಈಗ ತಿಳಿಯಿತು. ದೂರದಲ್ಲಿರುವ ನಿನ್ನನ್ನು ಕರೆಸಲು ಅವ್ವನ ಭಯ ಸಾಕು. ಕರೆಯುವ ಕಾಗದವನ್ನು ನನ್ನ ಕೈಯಿಂದಲೇ ಬರೆಸಿದ್ದಾರೆ. ಪೊರಕೆಯ ವಿಷಯವೂ ಈಗ ಹೇಳಿದಳು. ಲಬೇಜಾ ಬಂದುಹೋದ ಮೇಲೆ ದಿನಾ ಬೆಳಿಗ್ಗೆ ನನ್ನ ಬಂಡಿಯ ಮೂರು ಗೆರೆ ಅವಳು ಮಲಗುವ ಗುಡಿಸಲನ್ನು ಒಂದು ಸುತ್ತು ಹಾಕಿ ಬಾಗಿಲಲ್ಲಿ ನಿಂತಿರುತ್ತವಂತೆ. ಕಿಡೇಗಾ, ಮೇಷ್ಟ್ರು ಹೇಳಿದ ಅದೇ ಗೆರೆ. ನಾವು ಮಲಗಿದಾಗ ಯಾರೋ ನನ್ನ ಬಂಡಿ ಒಯ್ಯುತ್ತಿದ್ದಾರೆ. ನನಗೆ ಕಾಣಬಾರದು ಅಂತ ಅವಳು ಗುಡಿಸುತ್ತಿದ್ದಳು. ಮೊಹರು ನಾನು ಒತ್ತುವುದಿಲ್ಲ, ಅವಳು ತನ್ನ ಗುಡಿಸಲನ್ನು ಬಿಟ್ಟು ಕದಲುವುದಿಲ್ಲ. "ಬರೀ ಅವನಿಗೆ," ಅಂದಳು, "ಸಾಲು ನನ್ನ ದಾಟಿ ಹೋಗೋದು ಬೇಡ. ನಾನು ಹೋದೆ ಅಂತ ಸುದ್ದಿ ಬಂದ್ರೂ ಮಣ್ಣು ಹಾಕೋಕೆ ಬರಬೇಡ. ಮಗ ಹಾಕದ ಮಣ್ಣೂ ಮಣ್ಣೇ." ಹಾಗೇ ಬರೆದಿದ್ದೇನೆ. ಯಾರು ಫೋನ್ ಮಾಡಿ ಕರೆದರೂ ಬರಬೇಡ. ನನ್ನ ದನಿಯಲ್ಲಿ ಕರೆದರೂ.